ನ್ಯೂಜೆರ್ಸಿಯಲ್ಲಿ ಮನೆ ತಪಾಸಣೆಯ ಲೈಸೆನ್ಸ್: ಸಿವಿಲ್ ಪದವಿ ಇದ್ದರೆ ಸಾಕೇ?

ದಾವಣಗೆರೆ ಸಿವಿಲ್ (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಮದುವೆಗೆ ಮುಂಚೆ ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಎಂಜಿನಿಯರ್ ಆಗಿದ್ದೆ. ಸೆಂಟ್ರಿಂಗ್, ಕಂಬಿ ಕಟ್ಟಿಸುವುದು, ಮೋಲ್ಡ್ ಹಾಕಿಸುವುದು, ಕ್ಯೂರಿಂಗ್ ಎಲ್ಲವನ್ನೂ ಬಿಸಿಲಲ್ಲಿ ನಿಂತು ಮಾಡಿಸಿದ್ದೇನೆ. ಈಗ ಪತಿಯ ಕೆಲಸದ ಕಾರಣ ಎಡಿಸನ್‌ನಲ್ಲಿದ್ದೇವೆ. ನನಗೆ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ) ಬಂದಿದೆ, ಮಗಳು ಶಾಲೆಗೆ ಹೋಗುತ್ತಾಳೆ.

ಈಚೆಗೆ ನಾವು ಮನೆ ಕೊಂಡಾಗ ತಪಾಸಣೆಗೆ ಬಂದವರ ಹಿಂದೆಯೇ ನಾನು ಪೂರ್ತಿ ಸುತ್ತಿದೆ. ಅಟ್ಟದಲ್ಲಿ ಅವರು ಛಾವಣಿಯ ಹಲಗೆಯಿಂದ ಕೆಳಗೆ ಇಣುಕುವ ಮೊಳೆಗಳ ತುದಿಗೆ ಟಾರ್ಚ್ ಹಿಡಿದು, "ಈ ತುಕ್ಕು ಮಳೆ ನೀರಿನದಲ್ಲ, ಕೆಳಗಿನ ಸ್ನಾನದ ಮನೆಯ ಹಬೆಯದು" ಎಂದರು. ನೋಡಿದರೆ ಫ್ಯಾನಿನ ಕೊಳವೆ ಛಾವಣಿಯ ಹೊರಗೆ ಹೋಗದೆ ಅಟ್ಟದಲ್ಲೇ ಬಾಯಿ ತೆರೆದುಕೊಂಡಿತ್ತು. ಈ ಕೆಲಸ ನನ್ನಿಂದ ಆಗುತ್ತದೆ ಎಂದು ಅಂದೇ ಅನಿಸಿತು.

ನನ್ನ ಬಿಇ ಪದವಿಯಿಂದ ತರಬೇತಿಯಲ್ಲಿ ರಿಯಾಯಿತಿ ಸಿಗುತ್ತದೆಯೇ? ಅಂತರ್ಜಾಲದಲ್ಲಿ ಸಿಗುವ ಪ್ರಮಾಣಪತ್ರ ಸಾಕೇ? ಹೆಣ್ಣುಮಕ್ಕಳು ಒಬ್ಬರೇ ಅಟ್ಟ, ಕ್ರಾಲ್ ಸ್ಪೇಸ್ (ನೆಲದಡಿಯ ತೆವಳಿ ಹೋಗುವ ಜಾಗ) ಇಳಿದು ಹತ್ತುವುದು ನಡೆಯುತ್ತದೆಯೇ? ಪತಿ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾರೆ. ಶನಿವಾರ ಏಣಿ ಹಿಡಿಯಲು ಬರುತ್ತೇನೆ ಎನ್ನುತ್ತಿದ್ದಾರೆ, ಅದು ಸರಿಯೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಾಸನದವನು (ಮಿಡಲ್‌ಸೆಕ್ಸ್ ಕೌಂಟಿ, ನ್ಯೂಜೆರ್ಸಿ)

ಬಹಳ ಸಂತೋಷವಾಯಿತು. ನಾನು ಇದೇ ಕೌಂಟಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ನಮ್ಮವರು ಮನೆ ಕೊಳ್ಳುವುದು ಹೆಚ್ಚು, ಮನೆ ನೋಡುವ ಕೆಲಸಕ್ಕೆ ಬರುವುದು ಕಡಿಮೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಏಣಿಯ ವಿಷಯ. ನಿಮ್ಮ ಯಜಮಾನರು ಬರುವುದು ಬೇಡ. ಎಚ್-1ಬಿಯಲ್ಲಿ ಇರುವವರು ವೀಸಾ ಕೊಡಿಸಿದ ಕಂಪನಿಯ ಕೆಲಸ ಬಿಟ್ಟು ಬೇರೆ ದುಡಿಮೆ ಮಾಡುವಂತಿಲ್ಲ. ದುಡ್ಡು ತೆಗೆದುಕೊಳ್ಳದೆ ಕೈಜೋಡಿಸಿದರೂ ಅದನ್ನು ಕೆಲಸ ಎಂದೇ ಎಣಿಸಬಹುದು. ನಿಮ್ಮ ಎಚ್-4 ಇಎಡಿಯಲ್ಲಿ ಆ ತೊಡಕಿಲ್ಲ. ಇನ್ನೊಬ್ಬರ ಬಳಿ ಕೆಲಸಕ್ಕೂ ಸೇರಬಹುದು, ಸ್ವಂತಕ್ಕೂ ಮಾಡಬಹುದು. ಆದರೂ ಕಂಪನಿ ತೆರೆಯುವ ಮುನ್ನ ವಲಸೆ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ.

ನಿಮ್ಮ ಪದವಿಯಿಂದ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ. ನ್ಯೂಜೆರ್ಸಿಯಲ್ಲಿ ಲೈಸೆನ್ಸ್ ಕೊಡುವುದು ಎಂಜಿನಿಯರುಗಳ ಮತ್ತು ಭೂಮಾಪಕರ ರಾಜ್ಯ ಮಂಡಳಿಯ ಅಡಿಯಲ್ಲಿರುವ ಗೃಹ ತಪಾಸಣಾ ಸಲಹಾ ಸಮಿತಿ. ಅದು ಕೇಳುವುದು ಒಟ್ಟು 180 ಗಂಟೆಗಳ ತರಬೇತಿ: 140 ಗಂಟೆ ಪಾಠ, 40 ಗಂಟೆ ಕ್ಷೇತ್ರದಲ್ಲಿ. ಆ 40 ಗಂಟೆ ಲೈಸೆನ್ಸ್ ಇರುವ ಇನ್ಸ್‌ಪೆಕ್ಟರ್ ಎದುರಿಗೇ ಇರಬೇಕು, ಅದಕ್ಕೆ ಸಂಬಳ ಪಡೆಯುವಂತಿಲ್ಲ. ಆಮೇಲೆ ರಾಷ್ಟ್ರೀಯ ಗೃಹ ತಪಾಸಣಾ ಪರೀಕ್ಷೆ: ನಾಲ್ಕು ಗಂಟೆ, 200 ಪ್ರಶ್ನೆ, ಶುಲ್ಕ 225 ಡಾಲರ್. ಅದರಲ್ಲಿ 25 ಪ್ರಶ್ನೆಗಳಿಗೆ ಅಂಕವಿಲ್ಲ, ಆದರೆ ಅವು ಯಾವುವೆಂದು ನಿಮಗೆ ತಿಳಿಯುವುದಿಲ್ಲ. ಅಂಕ 200ರಿಂದ 800ರವರೆಗಿನ ಮಾಪನದಲ್ಲಿರುತ್ತದೆ. 500 ಬಂದರೆ ಪಾಸು. ಕೊನೆಗೆ ವೃತ್ತಿಲೋಪದ ವಿಮೆ (ತಪಾಸಣೆಯಲ್ಲಿ ತಪ್ಪಾಗಿ ದೂರು ಬಂದರೆ ರಕ್ಷಿಸುವುದು), ಪ್ರತಿ ಪ್ರಕರಣಕ್ಕೆ ಕನಿಷ್ಠ 5 ಲಕ್ಷ ಡಾಲರ್‌ನದು.

ಅಂತರ್ಜಾಲದ ಪ್ರಮಾಣಪತ್ರ ಎಷ್ಟೇ ಚೆನ್ನಾಗಿದ್ದರೂ ಅದು ಸಂಘದ ಸದಸ್ಯತ್ವ ಮಾತ್ರ, ರಾಜ್ಯದ ಲೈಸೆನ್ಸ್ ಅಲ್ಲ. ಶಾಲೆಗೆ ದುಡ್ಡು ಕಟ್ಟುವ ಮುನ್ನ ಅದಕ್ಕೆ ರಾಜ್ಯದ ಒಪ್ಪಿಗೆ ಇದೆಯೇ ಎಂದು ನೋಡಿಕೊಳ್ಳಿ.

ಪಾಠದ ಗಂಟೆಗಳನ್ನು ನೀವು ಸಲೀಸಾಗಿ ದಾಟುತ್ತೀರಿ. ನಿಮಗೆ ಕಷ್ಟ ಬರುವುದು ಮರದ ಮನೆ. ನಾವು ಊರಿನಲ್ಲಿ ಪಿಲ್ಲರ್, ಬೀಮು, ಇಟ್ಟಿಗೆ ಗೋಡೆ ನೋಡಿ ಬೆಳೆದವರು. ಬಿರುಕು ಕಂಡರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಇಲ್ಲಿಯ ಮನೆ ಹಾಳಾಗುವುದು ಹೆಚ್ಚಾಗಿ ತೇವದಿಂದ, ಅದೂ ಸದ್ದಿಲ್ಲದೆ. 16 ಇಂಚಿಗೊಂದು ನಿಲ್ಲಿಸಿದ ಮರದ ಕಂಬ, ಅದರ ಮೇಲೆ ತೊಲೆ. ಪ್ಲಂಬರ್ ಪೈಪು ಹಾಯಿಸಲು ಆ ತೊಲೆಯ ಕೆಳ ಅಂಚನ್ನೇ ಕತ್ತರಿಸಿರುತ್ತಾನೆ. ಬೇಸ್‌ಮೆಂಟಿನ ಸಿಮೆಂಟ್ ಬ್ಲಾಕ್ ಉಪ್ಪು ಬಿಟ್ಟಿದ್ದರೆ ನೀರು ಯಾವ ಎತ್ತರಕ್ಕೆ ಬರುತ್ತದೆಂದು ಗೋಡೆಯೇ ಹೇಳುತ್ತದೆ. ಗೋಡೆಯ ಕೆಳಗಿನ ಎರಡು ಅಡಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಇನ್ನೂ ಹುಷಾರಾಗಿ ನೋಡಿ. ವಿದ್ಯುತ್ತೂ ಬೇರೆ: ನಮ್ಮಲ್ಲಿ 230 ವೋಲ್ಟ್, ಇಲ್ಲಿ 120 ಮತ್ತು 240. ಗ್ಯಾಸ್ ಫರ್ನೇಸ್, ಅದರ ಹೊಗೆ ಕೊಳವೆ, ಕಾರ್ಬನ್ ಮೊನಾಕ್ಸೈಡ್ ಹಿಮ್ಮರಳುವುದು ಇವೆಲ್ಲ ನಮ್ಮ ಓದಿನಲ್ಲಿ ಇರಲೇ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇವಕ್ಕೆ.

ಈಗ ನಾನು ಒತ್ತಿ ಹೇಳಬೇಕೆಂದಿರುವುದು. ಈ ಕೆಲಸ ಕಲಿಯುವುದು ಆ 40 ಗಂಟೆಗಳಲ್ಲಿ. ಯಾರ ಹಿಂದೆ ನಿಂತು ಕಲಿಯುತ್ತೀರಿ ಎಂಬುದರ ಮೇಲೆ ನಿಮ್ಮ ಮುಂದಿನ ವೃತ್ತಿ ನಿಂತಿದೆ. ಕೆಲವು ಕಡೆ ಹತ್ತು ಹನ್ನೆರಡು ಜನರನ್ನು ಒಂದೇ ಮನೆಗೆ ತುಂಬಿ ಸಹಿ ಹಾಕಿ ಕಳಿಸುತ್ತಾರೆ. ಒಂದು ಗುಂಪಿಗೆ ಎಷ್ಟು ಜನ, ವಿದ್ಯುತ್ ಪ್ಯಾನೆಲ್‌ನ ಮುಚ್ಚಳ ನಮ್ಮ ಎದುರಿಗೇ ತೆಗೆಯುತ್ತೀರಾ, ಕ್ರಾಲ್ ಸ್ಪೇಸಿಗೆ ನಮ್ಮನ್ನೂ ಇಳಿಸುತ್ತೀರಾ ಎಂದು ಸೇರುವ ಮುನ್ನವೇ ಕೇಳಿ. ನನ್ನ ಗುರುಗಳು ಒಂದು ಪಟ್ಟು ಹಿಡಿಯುತ್ತಿದ್ದರು: ಅವರ ವರದಿ ನೋಡುವ ಮುಂಚೆ ಆ ಮನೆಯ ವರದಿಯನ್ನು ನಾನೇ ಬರೆದು ಕೊಡಬೇಕು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ನೀವೂ ಹಾಗೆ ಮಾಡಿ.

ಒಂದು ಉದಾಹರಣೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ನಂತರ ಕಟ್ಟಿದ ಮನೆ, ಈಗ ಗ್ಯಾಸ್ ಹೀಟಿಂಗ್, ಎಲ್ಲ ಹೊಸದು, ನೆಲವೂ ಹೊಳೆಯುತ್ತಿತ್ತು. ಬೇಸ್‌ಮೆಂಟಿನ ಮುಂದಿನ ಗೋಡೆಯಲ್ಲಿ, ನೆಲದ ಹತ್ತಿರ, ಕಿರುಬೆರಳಿಗಿಂತ ಸಣ್ಣ ಎರಡು ತಾಮ್ರದ ಕೊಳವೆಗಳು ಅಂಗುಲದಷ್ಟು ಹೊರಗೆ ಇದ್ದವು. ತುದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಮುಚ್ಚಿದ್ದರು, ಮೇಲೆ ಗೋಡೆಯ ಬಣ್ಣವನ್ನೇ ಹೊಡೆದಿದ್ದರು. ಹಿಂದೆ ಎಣ್ಣೆ ಬರುತ್ತಿದ್ದದ್ದು ಒಂದರಲ್ಲಿ, ಹಿಂದಿರುಗುತ್ತಿದ್ದದ್ದು ಇನ್ನೊಂದರಲ್ಲಿ. ಅಂದರೆ ಆ ಮನೆ ಒಂದು ಕಾಲಕ್ಕೆ ಹೀಟಿಂಗ್ ಆಯಿಲ್‌ನಲ್ಲಿ ಬೆಚ್ಚಗಾಗುತ್ತಿತ್ತು, ಟ್ಯಾಂಕು ಇನ್ನೂ ಮುಂದಿನ ಅಂಗಳದ ಮಣ್ಣಿನಲ್ಲಿ ಇರಬಹುದು. ಸೋರಿದರೆ ಮಣ್ಣು ಶುದ್ಧ ಮಾಡಿಸುವ ಖರ್ಚು ಹತ್ತಾರು ಸಾವಿರ ಡಾಲರ್ ದಾಟಬಹುದು, ಅದು ಈಗಿನ ಮಾಲೀಕರ ಕೊರಳಿಗೆ ಬೀಳುತ್ತದೆ. ನೆಲದೊಳಗಿನ ಟ್ಯಾಂಕ್ ಹುಡುಕುವುದು ನಮ್ಮ ಮೂಲ ತಪಾಸಣೆಗೆ ಸೇರಿಲ್ಲ. ಆದರೆ ಕಣ್ಣಿಗೆ ಕಂಡ ಆ ಕೊಳವೆಗಳನ್ನು ಬರೆಯದೆ ಬಿಡುವುದು ಹೇಗೆ? ಫೋಟೋ ಹಾಕಿ, ಟ್ಯಾಂಕ್ ಹುಡುಕುವವರನ್ನು ಕರೆಸಿ ಎಂದು ಬರೆದೆ. ಅಂಗಳದಲ್ಲಿ ಟ್ಯಾಂಕ್ ಸಿಕ್ಕಿತು. ಕೊಳ್ಳಲು ಬಂದಿದ್ದ ದಂಪತಿ ಆಗಷ್ಟೇ ಮೊದಲ ಮಗುವಿನ ನಿರೀಕ್ಷೆಯಲ್ಲಿದ್ದರು.

ಹೆಣ್ಣುಮಕ್ಕಳ ಪ್ರಶ್ನೆಗೆ ಅನುಭವ ಇರುವವರೇ ಉತ್ತರಿಸಿದರೆ ಚೆಂದ.

ಎರೆಮಣ್ಣು (ಡಲ್ಲಾಸ್, ಟೆಕ್ಸಾಸ್)

ನಾನು ಉತ್ತರಿಸುತ್ತೇನೆ, ಧಾರವಾಡದ ಕಡೆಯವಳು. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಪಡೆದು ಒಬ್ಬಳೇ ಮಾಡುತ್ತಿದ್ದೇನೆ. ಧೈರ್ಯವಾಗಿ ಬಾ ತಂಗಿ. ಮಡಚುವ ಟೆಲಿಸ್ಕೋಪಿಕ್ ಏಣಿ, ಮೊಣಕಾಲಿಗೆ ಪ್ಯಾಡ್, ಮೈಪೂರ್ತಿ ಮುಚ್ಚುವ ಕವರ್, ಒಳ್ಳೆಯ ಮಾಸ್ಕ್ ಇದ್ದರೆ ಸಾಕು. ಖಾಲಿ ಮನೆಗೆ ಒಬ್ಬಳೇ ಹೋಗುವಾಗ ವಿಳಾಸವನ್ನೂ ಮುಗಿಯುವ ಸಮಯವನ್ನೂ ಮನೆಯವರಿಗೆ ಕಳಿಸಿಡುತ್ತೇನೆ. ಇಲ್ಲಿ ಜುಲೈ ತಿಂಗಳಲ್ಲಿ ಮಧ್ಯಾಹ್ನ ಅಟ್ಟ ಹತ್ತುವುದು ಗಂಡಸರಿಗೂ ಅಪಾಯವೇ. ನಾನು ಬೆಳಿಗ್ಗೆ ಮೊದಲು ಅಟ್ಟ ಮುಗಿಸಿ ಆಮೇಲೆ ಉಳಿದದ್ದು ನೋಡುತ್ತೇನೆ.

ಒಂದು ವಿಷಯ ಗಮನದಲ್ಲಿರಲಿ: ಪ್ರತಿ ರಾಜ್ಯದ ನಿಯಮ ಬೇರೆ. ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ 194 ಗಂಟೆ ಕೇಳುತ್ತದೆ, ಅದರಲ್ಲಿ 40 ಗಂಟೆ ಕ್ಷೇತ್ರದ ಅಭ್ಯಾಸ. ರಾಷ್ಟ್ರೀಯ ಪರೀಕ್ಷೆಯ ಜೊತೆ ರಾಜ್ಯದ ಪರೀಕ್ಷೆಯೂ ಇದೆ, ವರದಿಯ ನಮೂನೆಯನ್ನೂ ಕಮಿಷನ್ನೇ ಕೊಟ್ಟಿದೆ. ಗೆದ್ದಲು ತಪಾಸಣೆಗೆ ಕೃಷಿ ಇಲಾಖೆಯ ಬೇರೆ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸೇ ಇಲ್ಲ. ನಿಮ್ಮವರಿಗೆ ಬೇರೆ ರಾಜ್ಯಕ್ಕೆ ವರ್ಗವಾಗುವ ಸೂಚನೆ ಇದ್ದರೆ ಅದನ್ನೂ ಯೋಚಿಸಿ ಶುರುಮಾಡು.

ಇಲ್ಲಿಗೆ ಬಂದರೆ ನಿನ್ನ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಡಲ್ಲಾಸ್ ಸುತ್ತಲಿನ ಕಪ್ಪು ಮಣ್ಣು ನಮ್ಮ ಎರೆ ಮಣ್ಣಿನ ಜಾತಿಯದೇ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೇಲಿನ ಕಾಂಕ್ರೀಟ್ ಹಾಸು ಅಲುಗಾಡುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯ ಓರೆ ಬಿರುಕು ನೋಡಿದಾಗ ನನಗೆ ಮೊದಲು ನೆನಪಾಗುವುದು ನಮ್ಮ ಊರಿನ ಹಳೆಯ ಮನೆಗಳು.

ಸರ್ಜಾಪುರ ರಸ್ತೆ (ಬೆಂಗಳೂರು)

ನಾನು ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟುಗಳನ್ನು ಕೀಲಿ ಪಡೆಯುವ ಮುನ್ನ ನೋಡಿಕೊಡುತ್ತೇನೆ. ಇಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಪದ್ಧತಿ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ನಾಣ್ಯದಿಂದ ಟೈಲ್ಸ್ ತಟ್ಟಿ ಟೊಳ್ಳು ಸದ್ದು ಹುಡುಕುವುದು, ಬಚ್ಚಲಿಗೆ ನೀರು ಸುರಿದು ಇಳಿಜಾರು ನೋಡುವುದು, ಪ್ರತಿ ಸಾಕೆಟ್ಟಿನ ಅರ್ಥಿಂಗ್ ಪರೀಕ್ಷಿಸುವುದು ನಮ್ಮ ದಿನದ ಕೆಲಸ. ಫ್ಲ್ಯಾಟ್ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯಿದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕಾಮಗಾರಿಯಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಹಾಗಾಗಿ ದಿನಾಂಕ, ಫೋಟೋ ಸಮೇತ ಬರೆದ ವರದಿಗೆ ಇಲ್ಲಿಯೂ ಬೆಲೆಯಿದೆ. ಮುಂದೆ ಊರಿಗೆ ಮರಳಿದರೂ ನಿಮ್ಮ ತರಬೇತಿ ವ್ಯರ್ಥವಾಗುವುದಿಲ್ಲ.

ದಾವಣಗೆರೆ ಸಿವಿಲ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಕ, ನಿಮ್ಮ ಮಾತು ಓದಿ ಮನಸ್ಸು ಗಟ್ಟಿಯಾಯಿತು. ಹಾಸನದ ಸರ್, ಇನ್ನೆರಡು ಪ್ರಶ್ನೆ. ನನ್ನ ಇಂಗ್ಲಿಷ್ ಓದಲು ಸಾಲುತ್ತದೆ, ವರದಿ ಬರೆಯಲು ಅಳುಕು. ಮತ್ತೆ, ಗ್ರಾಹಕರನ್ನು ಕಳಿಸುವವರು ಮನೆ ಮಾರಾಟದ ಏಜೆಂಟರೇ ಎನ್ನುತ್ತಾರಲ್ಲ, ಅವರಿಗೆ ಬೇಸರವಾಗುವಂತೆ ಬರೆದರೆ ಕೆಲಸ ಸಿಗುತ್ತದೆಯೇ?

ಹಾಸನದವನು

ವರದಿಗೆ ದೊಡ್ಡ ಇಂಗ್ಲಿಷ್ ಬೇಡ. ಎಲ್ಲಿ, ಏನು ಕಂಡಿತು, ಅದರಿಂದ ಏನಾಗಬಹುದು, ಯಾರನ್ನು ಕರೆಸಬೇಕು ಎಂಬ ನಾಲ್ಕು ಮಾತು ಸಾಕು. "ಛಾವಣಿ ಹಳೆಯದಾಗಿ ಕಾಣುತ್ತದೆ" ಎಂದು ಬರೆದರೆ ಕೊಳ್ಳುವವರಿಗೆ ಏನೂ ಸಿಗುವುದಿಲ್ಲ. "ಹಿಂಬದಿಯ ಇಳಿಜಾರಿನಲ್ಲಿ ಚಿಮಣಿಯ ಸುತ್ತಲಿನ ತಗಡು ಎದ್ದಿದೆ, ಅದರ ನೇರ ಕೆಳಗೆ ಅಟ್ಟದ ಹಲಗೆ ಮುಟ್ಟಿದರೆ ಮೆತ್ತಗಿದೆ, ಕೊಳ್ಳುವ ಮುನ್ನ ಛಾವಣಿಯವರಿಂದ ಅಂದಾಜು ಪಡೆಯಿರಿ" ಎಂದರೆ ಅವರು ಮರುದಿನವೇ ಫೋನ್ ಮಾಡಬಲ್ಲರು. ಸೈಟಿನಲ್ಲಿ ಮೇಸ್ತ್ರಿಗೆ ಹೇಳುತ್ತಿದ್ದಷ್ಟೇ ನೇರವಾಗಿ ಬರೆಯಿರಿ. ಯಾವ ಭಾಗ ನೋಡಲಾಗಲಿಲ್ಲ, ಏಕೆ ಎಂಬುದನ್ನೂ ಬರೆಯಲೇಬೇಕು, ಅದು ನಿಯಮ. ಹಿಮ ಮುಚ್ಚಿದ ಛಾವಣಿ, ಪೆಟ್ಟಿಗೆ ಪೇರಿಸಿದ ಗೋಡೆ, ಬೀಗ ಹಾಕಿದ ಕೋಣೆ, ಯಾವುದನ್ನೂ ಬಿಡಬೇಡಿ.

ಏಜೆಂಟರ ಮಾತು ನಿಜ. ಮೊದಲ ವರ್ಷಗಳಲ್ಲಿ ಹೆಚ್ಚಿನ ಕರೆಗಳು ಅವರ ಮೂಲಕವೇ ಬರುತ್ತವೆ. ಕೆಲವರು ನಯವಾಗಿ, "ಗಾಬರಿಪಡಿಸುವ ಹಾಗೆ ಬರೆಯಬೇಡಿ" ಎನ್ನುತ್ತಾರೆ. ಗಾಬರಿಪಡಿಸಬೇಡಿ, ಮುಚ್ಚಿಡಲೂ ಬೇಡಿ. ನಿಮಗೆ ಫೀಸು ಕೊಟ್ಟವರು ಕೊಳ್ಳುವವರು, ನಿಮ್ಮ ನಿಷ್ಠೆ ಅವರಿಗೆ. ಅದರಿಂದ ಒಂದಿಬ್ಬರು ಏಜೆಂಟರು ನನ್ನನ್ನು ಕರೆಯುವುದು ಬಿಟ್ಟರು. ಅವರ ಜಾಗಕ್ಕೆ ಮನೆ ಕೊಂಡವರೇ ತಮ್ಮ ಸ್ನೇಹಿತರನ್ನು, ಅಣ್ಣತಮ್ಮಂದಿರನ್ನು ಕಳಿಸಿದರು. ಹಾಗೆಯೇ ನೀವು ತಪಾಸಣೆ ಮಾಡಿದ ಮನೆಯ ದುರಸ್ತಿಗೆ ನೀವೇ ಗುತ್ತಿಗೆ ಹಿಡಿಯಬೇಡಿ, ಎಷ್ಟೇ ಒತ್ತಾಯ ಮಾಡಿದರೂ.

ರೇಡಾನ್ ಬಗ್ಗೆ ಹೇಳುವುದು ಉಳಿಯಿತು. ಬಣ್ಣ, ವಾಸನೆ ಇಲ್ಲದ ವಿಕಿರಣ ಅನಿಲ, ನೆಲದಿಂದ ಬೇಸ್‌ಮೆಂಟಿಗೆ ಬರುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನ ಬಿಟ್ಟರೆ ದೊಡ್ಡ ಕಾರಣ ಇದೇ. 1984ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬವರು ತಾವು ಕೆಲಸ ಮಾಡುತ್ತಿದ್ದ ಪರಮಾಣು ಸ್ಥಾವರದ ವಿಕಿರಣ ಎಚ್ಚರಿಕೆ ಯಂತ್ರವನ್ನು ಕೂಗಿಸಿದರು. ವಿಕಿರಣ ಬಂದಿದ್ದು ಸ್ಥಾವರದಿಂದಲ್ಲ, ಅವರ ಮನೆಯಿಂದ. ಅವರ ಮನೆಯ ಕೆಳಗಿದ್ದ ಬಂಡೆಯ ಪಟ್ಟಿಯೇ ನ್ಯೂಜೆರ್ಸಿಗೂ ಚಾಚಿದೆ. ಇಲ್ಲಿ ಮನೆ ಮಾರಾಟದಲ್ಲಿ ಈ ಪರೀಕ್ಷೆ ಸಾಮಾನ್ಯ. ಇದಕ್ಕೆ ಪರಿಸರ ಇಲಾಖೆಯ ಪ್ರತ್ಯೇಕ ಅರ್ಹತೆ ಬೇಕು, ತಪಾಸಣೆಯ ಲೈಸೆನ್ಸ್ ಸಾಲದು. ಕಿಟಕಿ ಬಾಗಿಲು ಮುಚ್ಚಿ ಕನಿಷ್ಠ 48 ಗಂಟೆ ಅಳೆಯಬೇಕು. ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಅಳತೆ) ಅಥವಾ ಹೆಚ್ಚು ಬಂದರೆ ಸರಿಪಡಿಸಲು ಹೇಳಬೇಕು. ಲೈಸೆನ್ಸ್ ಬಂದ ಮೇಲೆ ಇದನ್ನೂ ಮಾಡಿಕೊಳ್ಳಿ, ಪ್ರತಿ ಮನೆಗೂ ಸ್ವಲ್ಪ ಆದಾಯ ಕೂಡುತ್ತದೆ.

ಮೊದಲ ಒಂದೆರಡು ವರ್ಷ ನಾಲ್ಕೈದು ಜನರಿರುವ ಸಂಸ್ಥೆಯಲ್ಲಿ ಸಂಬಳಕ್ಕೆ ಸೇರಿ. ವಿಮೆ, ಉಪಕರಣ, ಸಾಫ್ಟ್‌ವೇರ್ ಅವರದು. ಮನೆ ನೋಡಿದ ಅನುಭವ ನಿಮ್ಮದು. ಸ್ವಂತಕ್ಕೆ ಶುರು ಮಾಡಿದ ದಿನದಿಂದ ವಿಮೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ. ಇಂಥ ವಿಮೆಗಳಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ದೂರು ಬಂದ ದಿನ. ಪಾಲಿಸಿ ಬಿಟ್ಟುಹೋದರೆ ಹಿಂದೆ ನೋಡಿದ ಮನೆಗಳಿಗೂ ರಕ್ಷಣೆ ಇರುವುದಿಲ್ಲ. ಶಾಲೆ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ಕ್ಷೇತ್ರದ ಗಂಟೆಗಳನ್ನು ಅವರು ಹೇಗೆ ನಡೆಸುತ್ತಾರೆಂದು ನಾನೂ ವಿಚಾರಿಸಿ ಹೇಳುತ್ತೇನೆ.