ಕ್ಲಿಪ್ ವೈರಲ್ ಆಗಿ ಬುಕಿಂಗ್ ನಿಂತಿದೆ: ಜಾನಪದ ಗಾಯಕ ಮತ್ತೆ ವೇದಿಕೆ ಏರುವುದು ಹೇಗೆ?

ಘಟಪ್ರಭಾ, ಮುಧೋಳ
ನಮ್ಮ ಜಿಲ್ಲೆಯ ಜಾನಪದ ಗಾಯಕರೊಬ್ಬರು ರಸಮಂಜರಿ ವೇದಿಕೆಯಲ್ಲಿ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡಿದ ತುಣುಕು ಎಲ್ಲ ಕಡೆ ಹರಿದಾಡಿದೆ. ಮಾತು ಅವರದೇ, ಎಡಿಟ್ ಮಾಡಿದ್ದಲ್ಲ. ಮಹಿಳಾ ಸಂಘದವರು ಠಾಣೆಗೆ ದೂರು ಕೊಟ್ಟಿದ್ದಾರೆ, ಎಫ್‌ಐಆರ್ ಇನ್ನೂ ಆಗಿಲ್ಲ. ಜಾತ್ರಾ ಕಮಿಟಿಗಳು ಮುಂಗಡ ವಾಪಸ್ ಕೇಳುತ್ತಿವೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಬರುತ್ತದೆ, ಅಷ್ಟರಲ್ಲಿ ದಾರಿ ಕಾಣಬೇಕು. ಟಿವಿಯವರು ಸ್ಟುಡಿಯೋಕ್ಕೆ ಕರೆಯುತ್ತಿದ್ದಾರೆ. ಹೋಗಬೇಕೇ? ಹಳೆಯ ವಿಡಿಯೋ ಡಿಲೀಟ್ ಮಾಡಬೇಕೇ?

ಕುಂದಾನಗರಿ, ಬೆಳಗಾವಿ
ಟಿವಿಗೆ ಬೇಡ. ಆ ತುಣುಕನ್ನೇ ಪದೇ ಪದೇ ಹಾಕಿ ಎದುರಿಗೆ ನಾಲ್ಕು ಜನರನ್ನು ಕೂರಿಸುತ್ತಾರೆ. ಸಿಟ್ಟಿನಲ್ಲಿ ಆಡುವ ಒಂದು ಮಾತು ಎರಡನೇ ಕ್ಲಿಪ್ ಆಗುತ್ತದೆ.

ಮೊದಲು ವಕೀಲರು. ಇಂಥ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಹಾಕಬಹುದು, ಅದಕ್ಕೆ ಮೂರು ವರ್ಷದವರೆಗೆ ಸಜೆ ಮತ್ತು ದಂಡ. ಕ್ಷಮೆಯ ಮಾತು ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ಬರಬಹುದು, ಹಾಗಾಗಿ ಬರೆದದ್ದನ್ನು ವಕೀಲರು ಓದಿದ ಮೇಲೆಯೇ ರೆಕಾರ್ಡ್ ಮಾಡಿ. ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಬಾಗಲಕೋಟೆಯವರಿಗೆ ಧಾರವಾಡ ಪೀಠ. ವಿಜಯಪುರದಲ್ಲಿ ಪ್ರಕರಣವಾದರೆ ಕಲಬುರಗಿ ಪೀಠ.

ವಿಡಿಯೋಕ್ಕಿಂತ ಮುಂಚೆ ಮಹಿಳಾ ಸಂಘದವರನ್ನು ಕ್ಯಾಮೆರಾ ಇಲ್ಲದೆ ಭೇಟಿಯಾಗಲಿ. ಆಮೇಲೆ ಒಂದು ನಿಮಿಷದೊಳಗಿನ ವಿಡಿಯೋ: ಏನು ಅಂದೆ, ಅದು ಯಾಕೆ ತಪ್ಪು, ಇನ್ನು ಏನು ಮಾಡುತ್ತೇನೆ. ‘ಯಾರಿಗಾದರೂ ನೋವಾಗಿದ್ದರೆ’ ಎಂದರೆ ನೋವೇ ಆಗಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ‘ಆದರೆ’ ಎಂದ ಕೂಡಲೇ ಹಿಂದಿನ ಕ್ಷಮೆ ಸತ್ತಂತೆ. ಸಹಗಾಯಕಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಬೇಡಿ, ಬೈಗುಳ ಆಕೆಗೂ ತಗಲುತ್ತದೆ.

ಗುಮ್ಮಟದೂರು, ವಿಜಯಪುರ
ನಾ ರೊಕ್ಕದ ಮಾತ ಹೇಳ್ತೀನ್ರಿ. ಕಮಿಟಿಯವ್ರು ಸಿಟ್ಟಿಗಿಂತ ಅಂಜಿಕಿಯಿಂದ ಹಿಂದ ಸರೀತಾರ. ಗಲಾಟಿ ಆಗಿ ಕಾರ್ಯಕ್ರಮ ನಿಂತ್ರ ಪೆಂಡಾಲ, ಸೌಂಡ್, ಲೈಟಿನ ಖರ್ಚು ಅವ್ರ ಕೊರಳಿಗೆ ಬೀಳ್ತೈತಿ. ಮುಂಗಡ ಕೇಳಿದವ್ರಿಗೆ ವಾದ ಮಾಡದ ತಿರುಗಿ ಕೊಡ್ರಿ, ರಸೀದಿ ಇಟಗೋರಿ. ಮತ್ತ ಬುಕಿಂಗ್ ಬಂದಾಗ ಮುಂಗಡ ಬ್ಯಾಡ, ಕಾರ್ಯಕ್ರಮ ಮುಗದ ಮ್ಯಾಲೆ ಪೂರಾ ರೊಕ್ಕ ಅನ್ರಿ.

ಹಾಲಿವುಡ್‌ದಾಗ ರಾಬರ್ಟ್ ಡೌನಿ ಜೂನಿಯರ್ ಮಾದಕ ವ್ಯಸನ, ಜೈಲು ಎಲ್ಲಾ ಮುಗಿಸಿ ಬಂದಾಗ ಇದೇ ಲೆಕ್ಕ ನಡೀತು. 2003ರ ಒಂದು ಸಿನಿಮಾದಾಗ ನಿರ್ಮಾಪಕ ಜೋಯೆಲ್ ಸಿಲ್ವರ್, ಡೌನಿ ಅವ್ರ ಸಂಭಾವನೆದಾಗ ಶೇ 40ರಷ್ಟು ತಡದು, ಶೂಟಿಂಗ್ ಮುಗದ ಮ್ಯಾಲೆ ಕೊಟ್ರು. ಅವ್ರಿಗೆ ಮತ್ತ ದೊಡ್ಡ ಹೆಸರು ತಂದ ‘ಐರನ್ ಮ್ಯಾನ್’ ಬಂದದ್ದು 2008ರಾಗ. ವಾದ್ಯದವ್ರ ಪಗಾರ ಮಾತ್ರ ತಡೀಬ್ಯಾಡ್ರಿ, ಅವ್ರು ಬ್ಯಾರೆ ತಂಡಕ್ಕ ಹೋದ್ರ ಮತ್ತ ಸಿಗಂಗಿಲ್ಲ.

ಮಲಪ್ರಭಾ ದಂಡೆ, ಬಾದಾಮಿ
ಈ ಸಲ ಬನಶಂಕರಿ ಬಿಡಿ. ಅಷ್ಟು ದೊಡ್ಡ ಜನಸಂದಣಿಯಲ್ಲಿ ಹತ್ತು ಹುಡುಗರು ಕೂಗಿದರೂ ಸಾಕು. ಕೆ.ಎಲ್. ರಾಹುಲ್, ಹಾರ್ದಿಕ್ ಪಾಂಡ್ಯ 2019ರ ಜನವರಿಯಲ್ಲಿ ಟಿವಿ ಶೋದಲ್ಲಿ ಆಡಿದ ಮಾತಿಗೆ ಅಮಾನತಾದರು. ಅಮಾನತು ತೆರವಾದ ಮೇಲೆ ರಾಹುಲ್ ಮೊದಲು ಮುಖ್ಯ ತಂಡಕ್ಕಿಂತ ಕೆಳಗಿನ ಭಾರತ ‘ಎ’ ತಂಡಕ್ಕೆ ಆಡಿದರು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ದಂಡ ಬಿತ್ತು: ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ 10 ಕಾನ್‌ಸ್ಟೆಬಲ್‌ಗಳ ಕುಟುಂಬಕ್ಕೆ ಒಂದೊಂದು ಲಕ್ಷ, ಅಂಧರ ಕ್ರಿಕೆಟ್‌ಗೆ 10 ಲಕ್ಷ. ಇವರೂ ರಾಹುಲ್ ಹಾಗೆ ಕೆಳಗಿನಿಂದ, ಸಣ್ಣ ಊರಿನಿಂದಲೇ ಶುರು ಮಾಡಲಿ. ಹಾಡಿನ ನಡುವಿನ ಹರಟೆಯೇ ತಪ್ಪಿಗೆ ಕಾರಣ, ಆ ಜಾಗದಲ್ಲಿ ಬರೆದ ನಿರೂಪಣೆ ಇರಲಿ, ಇಲ್ಲವೇ ಒಂದು ಹಾಡಿನಿಂದ ಇನ್ನೊಂದಕ್ಕೆ ನೇರ ಹೋಗಲಿ.

ವಿಡಿಯೋ ಡಿಲೀಟ್ ಬೇಡ, ಪ್ರೈವೇಟ್ ಮಾಡಿ. ದೂರು ಠಾಣೆಯಲ್ಲಿರುವಾಗ ಅಳಿಸಿದರೆ ಸಾಕ್ಷ್ಯ ನಾಶದ ಮಾತು ಬರುತ್ತದೆ, ಮೂಲ ಫೈಲ್ ಪೆನ್‌ಡ್ರೈವ್‌ನಲ್ಲಿರಲಿ. ಮುಂದೆ ವಕೀಲರು ಒಪ್ಪಿದರೆ ಯೂಟ್ಯೂಬ್ ಸ್ಟುಡಿಯೋದ ಎಡಿಟರ್‌ನಲ್ಲಿ ಆ ಭಾಗವನ್ನಷ್ಟೇ ಕತ್ತರಿಸಬಹುದು, ಲಿಂಕ್ ಮತ್ತು ವ್ಯೂಸ್ ಉಳಿಯುತ್ತವೆ. ಒಂದು ಲಕ್ಷ ವ್ಯೂಸ್ ದಾಟಿದ್ದು, ಚಾನೆಲ್ ಯೂಟ್ಯೂಬ್ ಜಾಹೀರಾತಿನ ಹಣ ಹಂಚುವ ಪಾರ್ಟ್‌ನರ್ ಪ್ರೋಗ್ರಾಂನಲ್ಲಿ ಇಲ್ಲದಿದ್ದರೆ ಬದಲಾವಣೆ ಸೇವ್ ಆಗದೇ ಇರಬಹುದು. ನಮ್ಮ ವಿಡಿಯೋ ಬಳಸಿದ್ದಾರೆಂದು ಯೂಟ್ಯೂಬ್‌ಗೆ ದೂರಿ, ಟೀಕೆ ಮಾಡಿದವರ ಚಾನೆಲ್‌ಗೆ ಕಾಪಿರೈಟ್ ಸ್ಟ್ರೈಕ್ ಹಾಕಬೇಡಿ. ಅವರು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡೇ ಹೊಸ ವಿಡಿಯೋ ಮಾಡುತ್ತಾರೆ.