ಪೆಂಟ್ಯಾಕ್ಸ್ ಕೆ1000 ತಗೊಳ್ಳಬಹುದಾ? ಲೆನ್ಸ್ ಒಳಗೆ ಏನೋ ಬಲೆ ಇದೆ

ತೀರ್ಥಹಳ್ಳಿ ರೀಲು:
ಸ್ಟುಡಿಯೋ ಮುಚ್ಚಿರುವ ಹಿರಿಯರೊಬ್ಬರ ಹತ್ರ ಪೆಂಟ್ಯಾಕ್ಸ್ ಕೆ1000 ಅನ್ನೋ ಹಳೇ ರೀಲು ಕ್ಯಾಮೆರಾ ಇದೆ, ಜೊತೆಗೆ 50 ಎಂಎಂ ಎಫ್2 ಲೆನ್ಸು. 7,000 ಹೇಳುತ್ತಿದ್ದಾರೆ. ಕ್ಲಿಕ್ ಆಗುತ್ತದೆ. ಬೆಳಕು ಅಳೆಯುವ ಮೀಟರಿನ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಲೆನ್ಸನ್ನು ಕಿಟಕಿ ಕಡೆ ಹಿಡಿದರೆ ಅಂಚಿನಲ್ಲಿ ಜೇಡರ ಬಲೆ ಥರ ಎಳೆ ಕಾಣುತ್ತದೆ. ಕೇಳಿದರೆ ‘ಧೂಳು ಅದು, ಫೋಟೋದಲ್ಲಿ ಬರಲ್ಲ’ ಅಂದರು. ನಾನು ಮೊಬೈಲ್ ಬಿಟ್ಟು ಬೇರೆಯದರಲ್ಲಿ ಫೋಟೋ ತೆಗೆದವನೇ ಅಲ್ಲ. ಏನೇನು ನೋಡಬೇಕು?

ಸಾಗರದ ಹಳೇ ಹುಲಿ:
ಧೂಳಲ್ಲ ಮಾರಾಯ್ರೇ, ಬೂಷ್ಟು! ಧೂಳಾದರೆ ಚುಕ್ಕಿ ಚುಕ್ಕಿ ಇರುತ್ತದೆ, ಎಳೆ ಬಿಟ್ಟು ಹಬ್ಬಿದ್ದರೆ ಫಂಗಸ್ಸೇ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟನ್ನೇ ಬಿಡದ್ದು ಲೆನ್ಸನ್ನು ಬಿಡುತ್ತದಾ? ಲೆನ್ಸ್ ಬಿಚ್ಚಿ, ಎಫ್ ನಂಬರಿನ ರಿಂಗನ್ನು 2ಕ್ಕೆ, ಅಂದರೆ ಪೂರ್ತಿ ತೆರೆದು ಇಟ್ಟು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ, ಎಷ್ಟು ಹಬ್ಬಿದೆ ಅಂತ ಗೊತ್ತಾಗುತ್ತದೆ. ಸ್ವಲ್ಪ ಇದ್ದರೆ ಬಿಚ್ಚಿ ಒರೆಸಬಹುದು, ಗಾಜಿನ ಲೇಪ ತಿಂದಿದ್ದರೆ ಗುರುತು ಹೋಗುವುದಿಲ್ಲ.

ಲೆನ್ಸ್ ಬಿಟ್ಟು ಕ್ಯಾಮೆರಾ ಬಾಡಿ ಬಗ್ಗೆ ಜಾಸ್ತಿ ಹೆದರಬೇಡಿ. 1976ರಿಂದ 1997ರವರೆಗೆ ಬಂದ ಮಾಡೆಲ್, ಪೂರ್ತಿ ಮೆಕ್ಯಾನಿಕಲ್. ಸೆಲ್ಲು ಬೇಕಿರುವುದು ಮೀಟರಿಗೆ ಮಾತ್ರ. ಅದನ್ನು ಆಫ್ ಮಾಡೋ ಸ್ವಿಚ್ಚೂ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕದೆ ಇಟ್ಟರೆ ಸೆಲ್ಲು ಖಾಲಿ. ವಾಚ್ ಅಂಗಡಿಯಿಂದ ಎಲ್‌ಆರ್44 ಬಟನ್ ಸೆಲ್ಲು ತಗೊಂಡು ಹೋಗಿ ಹಾಕಿ ನೋಡಿ. ಸೆಲ್ಲಿನ ಜಾಗದಲ್ಲಿ ಹಸಿರು ಕಿಲುಬು ಇದೆಯಾ ಅಂತಲೂ ನೋಡಿ.

ಆಮೇಲೆ ಹಿಂದಿನ ಬಾಗಿಲು ತೆಗೆದು, ಶಟರ್ ವೇಗವನ್ನು 1 ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿ. ತಡವರಿಸಿದರೆ ಒಳಗೆ ಗ್ರೀಸ್ ಗಟ್ಟಿಯಾಗಿದೆ. 1000ಕ್ಕೆ (ಸೆಕೆಂಡಿನ ಸಾವಿರದಲ್ಲೊಂದು ಭಾಗ) ಇಟ್ಟು ಬೆಳಕಿನ ಕಡೆ ಹಿಡಿದು ಕ್ಲಿಕ್ ಮಾಡಿ, ಕಿಂಡಿಯ ಒಂದು ಬದಿ ಕತ್ತಲೆಯಾಗೇ ಉಳಿದರೆ ಶಟರಿನ ಪರದೆ ನಿಧಾನವಾಗಿ ಎಳೆಯುತ್ತಿದೆ ಅಂತ. ಬಾಗಿಲಂಚಿನ ಕಪ್ಪು ಫೋಮು ಹಲಸಿನ ಮೇಣದ ಹಾಗೆ ಕೈಗೆ ಅಂಟಿದರೆ ಬದಲಿಸಬೇಕು, ಅದೇನು ದೊಡ್ಡ ಕೆಲಸವಲ್ಲ.

ಹೊಸನಗರ ಕ್ಲಿಕ್:
ಹುಲಿ ಸರ್ ಮುಖ್ಯವಾದದ್ದೇ ಬಿಟ್ಟರು. ಬಾಗಿಲು ತೆಗೆಯೋ ಮುಂಚೆ ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣದ ಕಡೆಗೆ ಮೆಲ್ಲಗೆ ತಿರುಗಿಸಿ. ಬಿಗಿ ಬಂದರೆ ಒಳಗೆ ರೀಲು ಇದೆ, ಬಾಗಿಲು ತೆಗೆದರೆ ಬೆಳಕು ಬಿದ್ದು ಹಾಳು.

ಇನ್ನೊಂದು, ಚರ್ಮದ ಕವರ್ ಕೊಟ್ಟರೆ ಶೋಕೇಸಿಗೆ ಇಡಿ, ಕ್ಯಾಮೆರಾ ಅದರೊಳಗೆ ಬೇಡ. ನನ್ನ ಯಾಶಿಕಾ ಎಲೆಕ್ಟ್ರೋ 35ನ್ನು ಕವರಿನಲ್ಲೇ ಒಂದು ಮಳೆಗಾಲ ಬಿಟ್ಟೆ, ದೀಪಾವಳಿಗೆ ತೆಗೆದರೆ ಕವರಿಗೂ ಬೂಷ್ಟು, ಲೆನ್ಸಿಗೂ ಬೂಷ್ಟು. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಸಾಕು. ಅಮ್ಮ ಒಲೆ ಮೇಲಿನ ಅಟ್ಟದಲ್ಲಿ ಇಡು ಅಂದಿದ್ದರು, ಬೂಷ್ಟಿನ ಬದಲು ಮಸಿ ಹಿಡಿಯುತ್ತಿತ್ತು ಅಷ್ಟೇ.

ಬೆಲೆ ಕ್ಯಾಮೆರಾಗೆ ಮಾತ್ರ ಕಟ್ಟಿ, ಲೆನ್ಸನ್ನು ಲೆಕ್ಕಕ್ಕೆ ತಗೋಬೇಡಿ. ಪೆಂಟ್ಯಾಕ್ಸ್ ಕೆ ಮೌಂಟಿನ (ಈ ಕ್ಯಾಮೆರಾಗೆ ಕೂರುವ) ಬೇರೆ 50 ಎಂಎಂ ಲೆನ್ಸ್ ಹುಡುಕಿದರೆ ಸಿಗುತ್ತದೆ.

ಸಾಗರದ ಹಳೇ ಹುಲಿ:
ಹೌದಲ್ವಾ, ಮರೆತಿದ್ದೆ. ಬೂಷ್ಟು ಹಿಡಿದ ಲೆನ್ಸನ್ನು ಒಳ್ಳೆಯದರ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ.

ತೀರ್ಥಹಳ್ಳಿ ರೀಲು:
ಹೋಗಿ ಬಂದೆ. ಹೊಸ ಸೆಲ್ಲಿಗೆ ಮುಳ್ಳು ಎದ್ದಿತು. ಟಾರ್ಚ್ ಬಿಟ್ಟು ತೋರಿಸಿದ ಮೇಲೆ ಅವರೇ ‘ಹೌದಪ್ಪ, ಬೂಷ್ಟೇ’ ಅಂದು 4,500ಕ್ಕೆ ಇಳಿದರು. ಆದರೆ ಗುಂಡಿ ತಿರುಗಿಸಿದರೆ ಬಿಗಿ! ಎಷ್ಟು ಫೋಟೋ ಆಯಿತು ಅಂತ ತೋರಿಸೋ ಕೌಂಟರ್ 22ರಲ್ಲಿ ನಿಂತಿದೆ. ಯಾರ ಮನೆ ಮದುವೆಯೋ ಅವರಿಗೂ ನೆನಪಿಲ್ಲ. ಕೆಳಗಿನ ಬಟನ್ ಒತ್ತಿ ಸುತ್ತಿ ತೆಗೆದೆವು, ಕಲರ್ ರೀಲು. ಇಷ್ಟು ಹಳೆಯದನ್ನು ಯಾರು ತೊಳೆದು ಕೊಡುತ್ತಾರೆ? ಶಿವಮೊಗ್ಗದಲ್ಲಿ ವಿಚಾರಿಸಿದರೆ ನಗುತ್ತಾರೆ.