ಸಲ್ಮಾನ್ ರಷ್ದಿಯವರ ಪುಸ್ತಕಗಳಿಗೊಂದು ಆಡಿಟ್

ಸಲ್ಮಾನ್ ರಷ್ದಿಯವರ ಕಾದಂಬರಿಗಳನ್ನು ಓದಲು ಸಾಹಿತ್ಯದ ಪಂಡಿತರಿಗಿಂತ ನಿವೃತ್ತ ಆಡಿಟರೇ ಹೆಚ್ಚು ಯೋಗ್ಯರೆಂಬ ನನ್ನ ಅಭಿಪ್ರಾಯಕ್ಕೆ ನಮ್ಮ ಮಿತ್ರಮಂಡಲಿಯ ರಾಯರೇ ಕಾರಣರು. ಸರ್ಕಾರಿ ಕಚೇರಿಗಳ ಲೆಕ್ಕ ತಪಾಸಣೆಯಲ್ಲಿ ಆಯುಷ್ಯ ಸವೆಸಿದ ಅವರು ಕಾದಂಬರಿಯ ಅಂಚಿನಲ್ಲಿಯೂ ಪೆನ್ಸಿಲಿನಿಂದ ಕೂಡಿ ಕಳೆಯದೆ ಪುಟ ತಿರುವಿದವರಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಡಂ ಅವರ ದೃಷ್ಟಿಯಲ್ಲಿ ಇದು ಪುಸ್ತಕಕ್ಕೆ ಬಗೆಯುವ ಅಪಚಾರ. ಹೊಸಪೇಟೆಯಲ್ಲಿ ಹುಟ್ಟಿ ಬೆಳೆದು, ಹಂಪಿಯ ವಿಷಯವಾಗಿ ತಮ್ಮನ್ನು ಕೇಳದೆ ಯಾರೂ ಒಂದಕ್ಷರವನ್ನೂ ಬರೆಯಕೂಡದೆಂದು ನಂಬಿರುವ ಶೆಟ್ಟರಿಗಾದರೋ, ರಷ್ದಿಯವರ ಮೇಲೆ ಬೇರೊಂದು ಸಿಟ್ಟಿದೆ.

“ದಿನನಿತ್ಯದ ಬದುಕಿನಲ್ಲಿ ಮಾಯೆಯನ್ನು ಬೆರೆಸಿ ಹೇಳುವುದನ್ನು ಮ್ಯಾಜಿಕ್ ರಿಯಲಿಸಂ ಎಂದು ನೀವು ಹೊಗಳುವುದೆಲ್ಲ ಸುಳ್ಳು ಹೇಳುವುದಕ್ಕೆ ಇಟ್ಟ ದೊಡ್ಡ ಹೆಸರು ತಾನೇ, ಮೇಡಂ?” ಎಂದು ಶೆಟ್ಟರೇ ಮೊದಲು ಕೆಣಕಿದರು.

ಮೇಡಂ ಉತ್ತರಿಸುವ ಮೊದಲೇ ರಾಯರು ಕನ್ನಡಕ ಸರಿಪಡಿಸಿಕೊಂಡರು. “ಶೆಟ್ಟರೇ, ಸುಳ್ಳಿನಲ್ಲಿ ಎರಡು ಬಗೆ. ಲೆಕ್ಕ ಹೊಂದುವ ಸುಳ್ಳು, ಲೆಕ್ಕ ಹೊಂದದ ಸುಳ್ಳು. ನಾನು ವೃತ್ತಿಯಲ್ಲಿ ಎರಡನೆಯದನ್ನು ಮಾತ್ರ ಹಿಡಿದೆ. ಮೊದಲನೆಯದನ್ನು ಯಾರಿಂದಲೂ ಹಿಡಿಯಲಾಗುವುದಿಲ್ಲ. ಈ ಮನುಷ್ಯ ಮೊದಲನೆಯ ಬಗೆಯವರು.”

ಇದಕ್ಕೆ ಅವರು ಒದಗಿಸಿದ ಮೊದಲ ಸಾಕ್ಷ್ಯ 1981ರ ‘ಮಿಡ್‌ನೈಟ್ಸ್ ಚಿಲ್ಡ್ರನ್’. 1947ರ ಆಗಸ್ಟ್ 15ರ ನಡುರಾತ್ರಿ, ಸ್ವಾತಂತ್ರ್ಯ ಬಂದ ಮೊದಲ ಒಂದು ಗಂಟೆಯಲ್ಲಿ ದೇಶದಲ್ಲಿ 1001 ಮಕ್ಕಳು ಹುಟ್ಟುತ್ತಾರೆ. ಪ್ರತಿಯೊಬ್ಬರಿಗೂ ಒಂದೊಂದು ಅಲೌಕಿಕ ಶಕ್ತಿ ಇರುತ್ತದೆ. ಹತ್ತು ವರ್ಷ ತುಂಬುವಷ್ಟರಲ್ಲಿ 420 ಮಕ್ಕಳು ತೀರಿಹೋಗಿ 581 ಮಂದಿ ಉಳಿಯುತ್ತಾರೆ. “ಕಳೆದು ನೋಡಿದೆ, ಸರಿಯಿದೆ,” ಎಂದರು ರಾಯರು. “ಸತ್ತವರ ಸಂಖ್ಯೆ ಸುಮಾರು ನಾನೂರು ಎಂದು ಬರೆದಿದ್ದರೆ ನಾನು ಅಲ್ಲಿಯೇ ಪುಸ್ತಕ ಮುಚ್ಚುತ್ತಿದ್ದೆ. 420 ಎಂದು ಖಚಿತವಾಗಿ ಬರೆದು, ವಂಚನೆಯ ಕಲಮನ್ನೇ ಎದುರಿಗಿಟ್ಟು ವಂಚಿಸುತ್ತಾರಲ್ಲ, ಅದು ಧೈರ್ಯ.” ಹೊಸ ನ್ಯಾಯ ಸಂಹಿತೆಯಲ್ಲಿ ವಂಚನೆಯ ಕಲಮು 318 ಆಗಿರುವುದರಿಂದ ಇನ್ನು ಮುಂದಿನ ಪೀಳಿಗೆಗೆ ಈ ವಿನೋದ ಅಡಿಟಿಪ್ಪಣಿಯಿಲ್ಲದೆ ತಿಳಿಯಲಾರದೆಂದು ಅವರು ಖಿನ್ನರೂ ಆದರು.

ಆದರೆ ಅದೇ ಕಾದಂಬರಿಯಲ್ಲಿ ರಾಯರ ನಿದ್ದೆ ಕೆಡಿಸಿದ ಜಾಗಗಳೂ ಇವೆ. ಕಥೆ ಹೇಳುವ ಸಲೀಮ್ ಸಿನಾಯ್, ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಕುಳಿತು ಪದ್ಮಾಳಿಗೆ ತನ್ನ ಜೀವನವನ್ನು ಬಣ್ಣಿಸುವವನು, ಗಾಂಧೀಜಿಯ ಹತ್ಯೆಯ ದಿನಾಂಕವನ್ನೇ ತಪ್ಪಾಗಿ ಹೇಳುತ್ತಾನೆ. ತಪ್ಪೆಂದು ಮುಂದೆ ಅವನಿಗೇ ಅರಿವಾಗುತ್ತದೆ. ಅರಿವಾದ ಮೇಲೂ ತಿದ್ದುವುದಿಲ್ಲ, ತನ್ನ ಭಾರತದಲ್ಲಿ ಗಾಂಧೀಜಿ ಆ ತಪ್ಪು ಹೊತ್ತಿನಲ್ಲಿಯೇ ತೀರಿಕೊಳ್ಳುತ್ತಾರೆಂದು ಹಟ ಹಿಡಿಯುತ್ತಾನೆ. ಇನ್ನೊಂದೆಡೆ ವಾಲ್ಮೀಕಿಗಳು ಹೇಳುತ್ತ ಹೋದ ರಾಮಾಯಣವನ್ನು ಗಣಪತಿ ಬರೆದುಕೊಂಡನೆಂದು ಬಿಡುತ್ತಾನೆ. ಇದನ್ನು ಕೇಳಿ ಅದುವರೆಗೆ ಸುಮ್ಮನಿದ್ದ ಶೆಟ್ಟರು ಕುರ್ಚಿಯಿಂದ ಅರ್ಧ ಎದ್ದರು. ಗಮಕದ ಕಟ್ಟೆಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದವರ ಮುಂದೆ ಗಣಪತಿಯ ಲೇಖನಿಯನ್ನು ವ್ಯಾಸರಿಂದ ಕಿತ್ತು ವಾಲ್ಮೀಕಿಗಳಿಗೆ ಕೊಡುವುದು ಸಣ್ಣ ಅಪರಾಧವಲ್ಲ.

“ಆತ ನಂಬಲು ಯೋಗ್ಯನಲ್ಲದ ನಿರೂಪಕ,” ಎಂದು ಮೇಡಂ ಸಮಾಧಾನ ಹೇಳಿದರು. “ನೆನಪು ಇತಿಹಾಸವನ್ನು ಹೇಗೆ ತಿರುಚುತ್ತದೆ ಎಂಬುದೇ ಕಾದಂಬರಿಯ ವಸ್ತು. ಈ ತಪ್ಪುಗಳ ಬಗ್ಗೆ ರಷ್ದಿಯವರು 1983ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ.”

“ಅಂದರೆ ಆಡಿಟ್ ಆಕ್ಷೇಪಣೆಗೆ ಅನುಪಾಲನಾ ವರದಿ ಸಲ್ಲಿಕೆಯಾಗಿದೆ,” ಎಂದು ರಾಯರು ತಣ್ಣಗಾದರು.

ಆಡಿಟ್ಟಿನ ಹೊರಗಿನಿಂದ ಬಂದ ಆಕ್ಷೇಪಣೆಯೂ ಒಂದಿತ್ತು. ಇಂದಿರಾ ಗಾಂಧಿಯವರು ಈ ಪುಸ್ತಕದ ಒಂದೇ ಒಂದು ವಾಕ್ಯದ ವಿರುದ್ಧ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. 1984ರಲ್ಲಿ ಆ ವಾಕ್ಯವನ್ನು ತೆಗೆಯುವುದೆಂದು ರಾಜಿಯಾಯಿತು. 1001 ಮಾಂತ್ರಿಕ ಶಿಶುಗಳು, ಮೂಗಿನ ಸಿಂಬಳದ ಮೂಲಕ ದೇಶದ ಮಕ್ಕಳೆಲ್ಲರ ಮನಸ್ಸನ್ನು ಕೇಳಿಸಿಕೊಳ್ಳುವ ನಾಯಕ, ಇವೆಲ್ಲ ಯಾವ ನ್ಯಾಯಾಲಯಕ್ಕೂ ಹೋಗಲಿಲ್ಲ. ಹೋದದ್ದು ತಾಯಿ ಮಗನ ಸಂಬಂಧವನ್ನು ಕುರಿತ ಒಂದು ಸಾದಾ ವಾಕ್ಯ.

1995ರ ‘ದಿ ಮೂರ್ಸ್ ಲಾಸ್ಟ್ ಸೈ’ ಬಗ್ಗೆ ರಾಯರಿಗೆ ಇರುವ ಆಸಕ್ತಿ ಪೂರ್ತಿ ಪಿಂಚಣಿಯದು. ಕೊಚ್ಚಿಯ ಸಾಂಬಾರ ವ್ಯಾಪಾರಿಗಳ ಮನೆತನದ ಮೊರಾಯಿಸ್ ಎಲ್ಲರ ಎರಡರಷ್ಟು ವೇಗದಲ್ಲಿ ಬೆಳೆಯುತ್ತಾನೆ. ನಾಲ್ಕೂವರೆ ತಿಂಗಳ ಗರ್ಭದಲ್ಲಿಯೇ ಹುಟ್ಟಿ, ಮೂವತ್ತಾರನೆಯ ವಯಸ್ಸಿಗೆ ಎಪ್ಪತ್ತೆರಡರ ಮುದುಕನಾಗಿರುತ್ತಾನೆ. ಇಂಥವನನ್ನು ಸೇವೆಗೆ ಸೇರಿಸಿಕೊಂಡರೆ ನಿವೃತ್ತಿ ಯಾವಾಗ, ವಿಮೆಯ ಕಂತು ಎಷ್ಟು ಎಂಬ ಪ್ರಶ್ನೆಗಳಿಗೆ ನಿಯಮಾವಳಿಯಲ್ಲಿ ಉತ್ತರವಿಲ್ಲವೆಂಬುದು ಅವರ ನಿಜವಾದ ಚಿಂತೆ. ‘ದಿ ಎನ್‌ಚಾಂಟ್ರೆಸ್ ಆಫ್ ಫ್ಲಾರೆನ್ಸ್’ನಲ್ಲಿ ಅಕ್ಬರ್ ಚಕ್ರವರ್ತಿ ತನಗೆ ಹಿಡಿಸುವ ರಾಣಿ ಸಿಕ್ಕದಿದ್ದಾಗ ಜೋಧಾಳನ್ನು ಕಲ್ಪನೆಯಿಂದಲೇ ಸೃಷ್ಟಿಸಿಕೊಳ್ಳುತ್ತಾನೆ, ಇರುವ ರಾಣಿಯರು ಇಲ್ಲದವಳ ಮೇಲೆ ಹೊಟ್ಟೆಕಿಚ್ಚುಪಡುತ್ತಾರೆ. ಆಕೆಯ ಅಂತಃಪುರದ ವೆಚ್ಚವನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕಿದರೆಂದು ರಾಯರು ಕೇಳಿದರೆ, ಯೋಜನೇತರ ವೆಚ್ಚಕ್ಕೆ ಎಂದು ಶೆಟ್ಟರು ಕೂಡಲೇ ಉತ್ತರಿಸಿದರು.

ರಾಯರು ಒಂದೇ ಒಂದು ರಾತ್ರಿಗಾಗಿ ಜಗಳ ತೆಗೆದದ್ದು 2015ರ ‘ಟೂ ಇಯರ್ಸ್ ಎಯ್ಟ್ ಮಂತ್ಸ್ ಅಂಡ್ ಟ್ವೆಂಟಿ ಎಯ್ಟ್ ನೈಟ್ಸ್’ ಬಂದಾಗ. ಶೀರ್ಷಿಕೆಯಲ್ಲಿರುವ ಎರಡು ವರ್ಷ, ಎಂಟು ತಿಂಗಳು, ಇಪ್ಪತ್ತೆಂಟು ರಾತ್ರಿಗಳನ್ನು ಕೂಡಿದರೆ 1001 ಬರಬೇಕು, ಅರೇಬಿಯದ ಆ ಹಳೆಯ ಕಥಾಸಂಗ್ರಹಕ್ಕೆ ಅದು ನಮಸ್ಕಾರ. ರಾಯರು ಕೂಡಿದರು: 730, ಜನವರಿಯಿಂದ ಆಗಸ್ಟಿನವರೆಗೆ 243, ಮೇಲೆ 28, ಒಟ್ಟು 1001. “ಆದರೆ ಎಂಟು ತಿಂಗಳನ್ನು ಹಣಕಾಸು ವರ್ಷದ ಪ್ರಕಾರ ಏಪ್ರಿಲ್‌ನಿಂದ ಎಣಿಸಿದರೆ 244 ದಿನ ಬರುತ್ತದೆ. ಒಂದು ರಾತ್ರಿ ಹೆಚ್ಚುವರಿ. ಆ ರಾತ್ರಿ ಏನಾಯಿತೆಂಬುದಕ್ಕೆ ಲೇಖಕರು ದಾಖಲೆ ಒದಗಿಸಿಲ್ಲ.”

“ಜಿನ್ನಿಗಳು ಕ್ಯಾಲೆಂಡರ್ ವರ್ಷವನ್ನು ಅನುಸರಿಸುತ್ತಾರೆ, ರಾಯರೇ,” ಎಂದರು ಮೇಡಂ.

ಆದರೆ ನಾವು ನಾಲ್ವರೂ ಒಮ್ಮತದಿಂದ ಮೆಚ್ಚುವ ಪುಸ್ತಕ 1990ರ ‘ಹರೂನ್ ಅಂಡ್ ದಿ ಸೀ ಆಫ್ ಸ್ಟೋರೀಸ್’. ‘ದಿ ಸಟಾನಿಕ್ ವರ್ಸಸ್’ ಕಾದಂಬರಿಗಾಗಿ ಇರಾನಿನ ಖೊಮೇನಿ ಹೊರಡಿಸಿದ ಕೊಲೆಯ ಫತ್ವಾದ ಕಾರಣ ಮಗನಿಂದ ದೂರವಾಗಿ ಅಡಗಿ ಬಾಳಬೇಕಾಗಿ ಬಂದ ಕಾಲದಲ್ಲಿ ಆ ಮಗನಿಗಾಗಿಯೇ ಬರೆದ ಪುಸ್ತಕವದು. ಹಾಗಿದ್ದೂ ಅದರಲ್ಲಿ ಒಂದು ಹನಿ ಗೋಳಿಲ್ಲ. ರಶೀದ್ ಖಲೀಫಾ ಎಂಬ ಕಥೆಗಾರನ ಬಾಯಿ ಒಂದು ದಿನ ಕಟ್ಟಿಹೋಗುತ್ತದೆ; ಏಕೆಂದರೆ ಕಥಾಜಲಕ್ಕೆ ಅವನು ಹೊಂದಿದ್ದ ಚಂದಾ ರದ್ದಾಗಿದೆ, ನೀರಿನ ಜಿನ್ನಿಯೊಬ್ಬ ರಾತ್ರೋರಾತ್ರಿ ಸಲಕರಣೆ ಹಿಡಿದು ನಲ್ಲಿಯ ಸಂಪರ್ಕ ಕತ್ತರಿಸಲು ಬರುತ್ತಾನೆ. ಮಗ ಹರೂನ್ ಆ ಸಲಕರಣೆಯನ್ನೇ ಕದಿಯುತ್ತಾನೆ. ಇದೆಲ್ಲ ಹೇಗೆ ನಡೆಯುತ್ತದೆಂದು ಕೇಳಿದಾಗಲೆಲ್ಲ ಸಿಕ್ಕುವ ಉತ್ತರ ಒಂದೇ: ವಿವರಿಸಲಾಗದಷ್ಟು ಜಟಿಲವಾದ ಪ್ರಕ್ರಿಯೆ. ರಾಯರು ಇಲ್ಲಿ ಓದು ನಿಲ್ಲಿಸಿ, ಸೇವಾವಧಿಯಲ್ಲಿ ತಾವು ಬರೆದ ಆಕ್ಷೇಪಣೆಗಳಿಗೆಲ್ಲ ಬಂದ ಉತ್ತರವೂ ಇದೇ ಆಗಿತ್ತು, ಇಷ್ಟು ಚೊಕ್ಕವಾಗಿ ಹೇಳುವ ಅಧಿಕಾರಿ ಮಾತ್ರ ಸಿಕ್ಕಿರಲಿಲ್ಲ ಎಂದರು.

ಮೇಡಂ ಈ ಕಥಾಸಾಗರದ ತವರನ್ನು ನೆನಪಿಸಿದರು. ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ ಬರೆದ ‘ಕಥಾಸರಿತ್ಸಾಗರ’, ಅದರ ಹಿಂದೆ ಗುಣಾಢ್ಯನ ‘ಬೃಹತ್ಕಥೆ’. ಅದನ್ನು ಗಂಗರ ದುರ್ವಿನೀತ ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ದುರ್ಗಸಿಂಹನೂ ತನ್ನ ಕನ್ನಡ ‘ಪಂಚತಂತ್ರ’ದ ಮೂಲವನ್ನು ಗುಣಾಢ್ಯನವರೆಗೆ ಒಯ್ಯುತ್ತಾನೆ. ಗುಣಾಢ್ಯನ ಐತಿಹ್ಯದಲ್ಲಿ ರಾಜ ಕಥೆಯನ್ನು ತಿರಸ್ಕರಿಸಿದಾಗ ಕವಿ ಕಾಡಿನಲ್ಲಿ ಬೆಂಕಿ ಮಾಡಿ ಒಂದೊಂದೇ ಎಲೆ ಓದಿ ಸುಡುತ್ತಾನೆ, ಮೃಗಗಳು ಮೇವು ಬಿಟ್ಟು ಕಣ್ಣೀರಿಡುತ್ತ ಕೇಳುತ್ತವೆ, ಏಳು ಲಕ್ಷ ಶ್ಲೋಕಗಳಲ್ಲಿ ಆರು ಲಕ್ಷ ಬೂದಿಯಾಗಿ ಒಂದು ಲಕ್ಷ ಉಳಿಯುತ್ತದೆ. ತಮಗೆ ದಾರಿ ತೋರಿದವರೆಂದು ರಷ್ದಿಯವರು ಜರ್ಮನಿಯ ಗುಂಟರ್ ಗ್ರಾಸ್, ಕೊಲಂಬಿಯದ ಗಾರ್ಸಿಯಾ ಮಾರ್ಕ್ವೆಸ್ ಮುಂತಾದ ಕಾದಂಬರಿಕಾರರನ್ನು ಗೌರವದಿಂದ ನೆನೆಯುತ್ತಾರೆ. ಆದರೆ ಅಳುವ ಜಿಂಕೆಗಳ ಪಕ್ಕದಲ್ಲಿ ಶಿಲ್ಕು ಬರೆದಿಡುವ ಈ ಪದ್ಧತಿ ನಮ್ಮ ನೆಲದಲ್ಲಿ ಹಳೆಯದು.

ಇಷ್ಟಾದ ಮೇಲೆ ಶೆಟ್ಟರ ಸರದಿ ಬಂತು. ಅವರ ಫಿರ್ಯಾದು 2023ರ ‘ವಿಕ್ಟರಿ ಸಿಟಿ’ಯ ಮೇಲೆ. “ಹುಕ್ಕ ಬುಕ್ಕ ಎಂಬ ದನಗಾಹಿ ಅಣ್ಣತಮ್ಮಂದಿರಿಗೆ ಪಂಪಾ ಕಂಪನಾ ಎಂಬ ಹುಡುಗಿ ಒಂದು ಚೀಲ ಬೀಜ ಕೊಡುತ್ತಾಳಂತೆ. ಅವರು ಬಿತ್ತುತ್ತಾರಂತೆ. ನೆಲದಿಂದ ಅರಮನೆ, ಗುಡಿ, ಪೇಟೆ, ಜನ, ಎಲ್ಲವೂ ಎದ್ದು ನಿಲ್ಲುತ್ತವಂತೆ. ವಿಜಯನಗರ ಎಂದರೆ ಬದನೆಕಾಯಿಯೇ?”

ಬೆಂಗಳೂರಿನ ಹೊರವಲಯದಲ್ಲಿ ರಾಗಿ ಬಿತ್ತಿದ ಹೊಲದಲ್ಲಿ ಮರುವರ್ಷ ಹದಿನಾರು ಅಂತಸ್ತಿನ ಕಟ್ಟಡ ಎದ್ದದ್ದನ್ನು ಕಂಡಿದ್ದ ನನಗೆ ಇದರಲ್ಲಿ ವಿಶೇಷವೇನೂ ತೋರಲಿಲ್ಲ. ಮೇಡಂ ಮಾತ್ರ ಬೇರೆ ದಾರಿ ಹಿಡಿದು, ವಿಜಯನಗರ ಹೇಗೆ ಹುಟ್ಟಿತೆಂದು ಅವರ ಮನೆಯಲ್ಲಿ ಹೇಳುತ್ತಿದ್ದರೆಂದು ಶೆಟ್ಟರನ್ನೇ ಕೇಳಿದರು. ಶೆಟ್ಟರು ಅಭಿಮಾನದಿಂದ ಹೇಳಿದರು: ಬೇಟೆನಾಯಿಗಳನ್ನು ಒಂದು ಮೊಲ ಅಟ್ಟಿಸಿಕೊಂಡು ಹೋದ ಗಂಡುಮೆಟ್ಟಿನ ಸ್ಥಳ, ವಿದ್ಯಾರಣ್ಯರು ಹೊನ್ನಿನ ಮಳೆ ಕರೆಸಿದ ಸ್ಥಳ. ಮೊಲದ ಕಥೆಯನ್ನು ಹದಿನಾರನೆಯ ಶತಮಾನದ ಪೋರ್ಚುಗೀಸ್ ನೂನಿಜ್ ಕೂಡ ಬರೆದಿಟ್ಟಿದ್ದಾನೆಂದು ಮೇಡಂ ಸೇರಿಸಿದಾಗ ಶೆಟ್ಟರಿಗೆ ಬೋನು ಕಂಡಿತು. “ಅದು ಬೇರೆ. ಅದು ನಮ್ಮ ಅಜ್ಜಿ ಹೇಳಿದ್ದು,” ಎಂದು ತಪ್ಪಿಸಿಕೊಂಡರು.

ನನಗೆ ಆ ಕಾದಂಬರಿಯಲ್ಲಿ ಅತ್ಯಂತ ಪ್ರಿಯವಾದ ಜಾಗ ಇದರ ಮುಂದೆಯೇ ಬರುತ್ತದೆ. ನೆಲದಿಂದೆದ್ದ ಜನಕ್ಕೆ ದೇಹವಿದೆ, ಪೂರ್ವವಿಲ್ಲ. ತಾವು ಯಾರೆಂದು ತಿಳಿಯದೆ ಬೀದಿಯಲ್ಲಿ ಬೆಪ್ಪಾಗಿ ನಿಂತಿದ್ದಾರೆ. ಪಂಪಾ ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟಿ ಅವರ ಅಜ್ಜ ಅಜ್ಜಿಯರನ್ನು, ಹಳೆಯ ಜಗಳಗಳನ್ನು, ನಂಬಿಕೆಗಳನ್ನು ತುಂಬುತ್ತಾಳೆ. ನಮ್ಮ ಅನೇಕ ಮನೆತನಗಳ ವಂಶಾವಳಿಗಳು ಸಿದ್ಧವಾದ ಬಗೆಯನ್ನು ಬಲ್ಲವರು ಇದನ್ನು ಮಾಯೆಯೆಂದು ಕರೆಯಲು ಹಿಂಜರಿಯುತ್ತಾರೆ. ಪುಸ್ತಕ ಇಡೀ ಈ ಎತ್ತರದಲ್ಲಿ ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕು. ಕಾಡಿನ ವನವಾಸ ಎಳೆದಂತಾಗುತ್ತದೆ. ಅಲ್ಲಿ ಬರುವ ಗುಲಾಬಿ ಬಣ್ಣದ ಮಂಗಗಳು ಯಾವ ದೇಶದಿಂದ ಹಡಗು ಹತ್ತಿ ಬಂದವರೆಂದು ಎರಡನೆಯ ಸಾಲಿಗೇ ತಿಳಿದುಬಿಡುತ್ತದೆ. ಕಿಷ್ಕಿಂಧೆಯ ಕೋತಿಗಳಿಗೆ ಬಾಳೆಹಣ್ಣು ಕಳೆದುಕೊಂಡು ಬೆಳೆದ ಶೆಟ್ಟರು ಈ ಒಂದು ಟೀಕೆಯನ್ನು ಬಹಳ ಸಂತೋಷದಿಂದ ಅನುಮೋದಿಸಿದರು.

ರಾಯರ ಪೆನ್ಸಿಲ್ ಅಷ್ಟರಲ್ಲಿ ಓಡುತ್ತಿತ್ತು. ಪಂಪಾ ಬದುಕುವುದು 247 ವರ್ಷ. ಕಂಪಿಲಿ ಬಿದ್ದು ತಾಯಿ ಚಿತೆಗೆ ನಡೆದಾಗ ಅವಳಿಗೆ ಒಂಬತ್ತು. “1565ರಲ್ಲಿ ತಾಳಿಕೋಟೆ. ಅದರಲ್ಲಿ 247 ಕಳೆದರೆ 1318. ಅದಕ್ಕೆ ಒಂಬತ್ತು ಕೂಡಿದರೆ 1327, ದಿಲ್ಲಿಯ ಸೈನ್ಯಕ್ಕೆ ಕಂಪಿಲಿ ಬಿದ್ದ ವರ್ಷ. ಶೆಟ್ಟರೇ, ಬೀಜದ ವಿಷಯ ಬಿಡಿ, ಈ ಮನುಷ್ಯ ಇತಿಹಾಸದ ಒಂದು ವರ್ಷವನ್ನೂ ಆಚೀಚೆ ಮಾಡಿಲ್ಲ.”

ಶೆಟ್ಟರು ಪಟ್ಟು ಬಿಡಲಿಲ್ಲ. ಪಂಪೆಯ ಹೆಸರಿಟ್ಟುಕೊಂಡವಳು ತನ್ನ ಮಹಾಕಾವ್ಯವನ್ನು ಕನ್ನಡದಲ್ಲಿ ಬರೆಯದೆ ಸಂಸ್ಕೃತದಲ್ಲಿ ಬರೆದದ್ದೇಕೆ ಎಂದರು. ಬುಕ್ಕನ ಮಗ ಕುಮಾರ ಕಂಪಣನ ರಾಣಿ ಗಂಗಾದೇವಿ ‘ಮಧುರಾವಿಜಯ’ವನ್ನು ಸಂಸ್ಕೃತದಲ್ಲಿಯೇ ಬರೆದಳಲ್ಲ ಎಂದು ಮೇಡಂ ನೆನಪಿಸಿದ ಮೇಲೆ ಅವರು ಕಾಫಿಯತ್ತ ತಿರುಗಿದರು. ಕಾದಂಬರಿಯ ಕೊನೆಯ ಭಾಗದಲ್ಲಿ ರಾಜಾಜ್ಞೆಯಿಂದ ಪಂಪಾಳನ್ನು ಕುರುಡಾಗಿಸುತ್ತಾರೆ. ರಷ್ದಿಯವರು ಅದನ್ನು ಬರೆದು ಮುಗಿಸಿದ ಮೇಲೆ, 2022ರ ಆಗಸ್ಟ್‌ನಲ್ಲಿ, ಅಮೆರಿಕದ ಸಭೆಯೊಂದರಲ್ಲಿ ನಡೆದ ಚೂರಿ ದಾಳಿಯಲ್ಲಿ ಅವರ ಒಂದು ಕಣ್ಣು ಹೋಯಿತು. ಈ ಬಾಬತ್ತಿಗೆ ರಾಯರು ಪೆನ್ಸಿಲ್ ಹಚ್ಚಲಿಲ್ಲ.

ಅವರು ಮತ್ತೆ ಹಚ್ಚಿದ್ದು ಕಾವ್ಯದ ಗಾತ್ರಕ್ಕೆ. ಪಂಪಾಳ ಕೃತಿ ರಾಮಾಯಣದಷ್ಟೇ, ಅಂದರೆ 24,000 ಪದ್ಯ; ಬಾಲ್ಯದ ಒಂಬತ್ತು ವರ್ಷ ಬಿಟ್ಟರೆ ವರ್ಷಕ್ಕೆ ಸರಾಸರಿ 101 ಪದ್ಯ ಬೀಳುತ್ತದೆ; ವರಕವಿಗೆ ಇದು ಬಹಳ ನಿಧಾನವಾಯಿತೆಂದು ಶರಾ ಬರೆದರು. ಆಕೆ ಅದನ್ನು ಮಡಕೆಯಲ್ಲಿಟ್ಟು ಮೇಣದಿಂದ ಮುಚ್ಚಿ ಪಾಳುಬಿದ್ದ ರಾಜಪ್ರಾಂಗಣದಲ್ಲಿ ಹೂಳುತ್ತಾಳೆ. ನಾಲ್ಕೂವರೆ ಶತಮಾನದ ಮೇಲೆ ಅದು ಸಿಕ್ಕಿತೆಂದೂ ಅದನ್ನೇ ತಾನು ಸರಳ ಮಾತಿನಲ್ಲಿ ಮರಳಿ ಹೇಳುತ್ತಿರುವುದಾಗಿಯೂ ಕಾದಂಬರಿಯ ನಿರೂಪಕ ಹೇಳುತ್ತಾನೆ. “1565ಕ್ಕೆ 450 ಕೂಡಿದರೆ 2015. ಪುಸ್ತಕ ಬಂದದ್ದು 2023ರಲ್ಲಿ. ಅನುವಾದಕ್ಕೆ ಎಂಟು ವರ್ಷ, ಸಮಂಜಸವಾಗಿದೆ,” ಎಂದು ರಾಯರು ಸಹಿ ಹಾಕಲು ಸಿದ್ಧರಾದರು.

“ಸ್ವಲ್ಪ ತಾಳಿ,” ಎಂದರು ಶೆಟ್ಟರು. “ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ನಮ್ಮವರು ಅಲ್ಲಿ ಹತ್ತಿರದಲ್ಲಿ ಒಂದು ಶೌಚಾಲಯಕ್ಕೆ ಗುಂಡಿ ತೆಗೆಯಬೇಕೆಂದರೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ರಾಜಪ್ರಾಂಗಣದ ನಡುವೆ ಮಡಕೆ ಅಗೆದು ತೆಗೆದವರು ಯಾರು?”

ರಾಯರು ಪುಸ್ತಕವನ್ನು ಮೊದಲಿನಿಂದ ತಿರುವಿ ನೋಡಿದರು. ಬೀಜದಿಂದ ಬೆಳೆದ ನಗರವನ್ನು, 247 ವರ್ಷದ ಆಯುಷ್ಯವನ್ನು, ಪಿಸುಮಾತಿನ ಪೂರ್ವಜರನ್ನು ಅಂಗೀಕರಿಸಿಯಾಗಿತ್ತು. ಅನುಮತಿ ಪತ್ರ ಕಡತದಲ್ಲಿಲ್ಲವೆಂದು ಅವರು ಕೊನೆಯ ಪುಟದ ಅಂಚಿನಲ್ಲಿ ಒಂದು ಆಕ್ಷೇಪಣೆ ಬರೆದರು. ಶೆಟ್ಟರು ಅದರ ಕೆಳಗೆ ಸಾಕ್ಷಿಯಾಗಿ ರುಜು ಹಾಕಿದರು.